ಊಟಕ್ಕೆ ಏಳಿಸುವವರು

‘ಊಟಕ್ಕೆ ಏಳಿ’ ಎಂಬ ಮಾತನ್ನು ಮಲಗಿದವರಿಗೆ ಮಾತ್ರ ಹೇಳುತ್ತಾರೆಂದು ಏಕಾಂತಯ್ಯನವರು ಚಿಕ್ಕಂದಿನಲ್ಲಿ ನಂಬಿದ್ದರು. ನಿಟ್ಟೂರಿನ ಮದುವೆಯೊಂದರಲ್ಲಿ, ಬೇಗ ಏಳಿಸಲಿ ಎಂದು ಕಣ್ಣುಮುಚ್ಚಿ ಮಲಗಿ, ನಿಜವಾಗಿಯೇ ನಿದ್ದೆ ಹತ್ತಿ ಮೂರು ಪಂಕ್ತಿ ಕಳೆದುಕೊಂಡಿದ್ದರು. ಅಂದಿನಿಂದ ಆ ಮಾತಿನ ಮೂಲ ಹುಡುಕುವುದೇ ಅವರ ಮಹಾಸಂಶೋಧನೆ. (ಸಂಶೋಧನೆಯ ಬಹುಭಾಗ ನಡೆದದ್ದು ಬೇರೆಯವರ ಮನೆಯಲ್ಲಿ, ಊಟದ ಹೊತ್ತಿಗೆ ಸರಿಯಾಗಿ.)

ಈಗ ಅವರು ತುಮಕೂರಿನ ಮರಳೂರಿನಲ್ಲಿ, ಬಾಮೈದ ಕಾಂತೇಶನ ಹೊಸ ಮನೆಯ ಗೃಹಪ್ರವೇಶದ ಶಾಮಿಯಾನದಡಿ, ಮೊದಲ ಸಾಲಿನಲ್ಲಿ ವಿರಾಜಮಾನರಾಗಿದ್ದರು. ಎರಡು ವರ್ಷದ ಹಿಂದೆ ಕುಣಿಗಲ್ಲಿನಲ್ಲಿ ಕಾಂತೇಶನ ಮಗಳ ನಿಶ್ಚಿತಾರ್ಥದಲ್ಲಿ ಅವನು ತಾನೇ ಬಂದು ಏಳಿಸದೆ ಯಾರನ್ನೋ ಕಳಿಸಿದನೆಂದು ಊಟ ಬಿಟ್ಟು ಬಂದವರು, ಆಮೇಲೆ ಅವನ ಹೊಸ್ತಿಲು ತುಳಿದಿರಲಿಲ್ಲ.

"ಇವತ್ತೂ ಅವ್ನೇ ಬಂದು ಏಳ್ಸದೆ ಹೋದ್ರೆ ಸಂಬಂಧ ಅಲ್ಲಿಗೆ ಖತಂ" ಎಂದು ಉಪ್ಪಾರಹಳ್ಳಿಯಿಂದ ಹೊರಡುವಾಗಲೇ ಹೆಂಡತಿ ಗಂಗಾಂಬಿಕೆಗೆ ಘೋಷಿಸಿದ್ದರು.

"ಅವ್ನು ನನ್ ತಮ್ಮ ಕಣ್ರೀ, ಅಲಾರಂ ಅಲ್ಲ" ಎಂದಿದ್ದರು ಆಕೆ.

ಗಂಟೆ ಒಂದಾಯಿತು. ಕಾಂತೇಶ ಬಂದ. "ಭಾವ, ಈ ಊಟದ ವಿಷ್ಯ..."

"ಅದನ್ನೇ ಹೇಳ್ತಿದೀನಿ, ಕೇಳಪ್ಪ" ಎಂದು ಏಕಾಂತಯ್ಯ ಪಕ್ಕದ ಕುರ್ಚಿಯ ವೀರಭದ್ರಯ್ಯನವರತ್ತ ತಿರುಗಿದರು. "ಕುರ್ಚಿ ಇಲ್ದಿದ್ದ ಕಾಲ ಸ್ವಾಮಿ. ಜಗಲಿ ಮೇಲೆ ಕಂಬಳಿ ಹಾಸಿ ಕೂರ್ಸೋರು. ನೆಂಟ ತಾನಾಗೇ ಎದ್ರೆ ಹೊಟ್ಟೆಬಾಕ ಅಂತಾರೆ. ಅದಕ್ಕೇ ಮನೆಯೋರು ಬಂದು ಏಳ್ಸೋದು. ಹಸಿವು ನೆಂಟಂದು, ಅವಸರ ಮನೆಯೋರ್ದು! ಎಂಥಾ ಮರ್ಯಾದೆ ನೋಡಿ. ಮಠದಲ್ಲಿ ‘ಪ್ರಸಾದಕ್ಕೆ ದಯಮಾಡ್ಸಿ’ ಅಂತಾರಲ್ಲ, ಅದೂ..."

ಕಾಂತೇಶ ತಲೆ ಕೆರೆದುಕೊಂಡು ಹೋದ. ಒಂದೂವರೆಗೆ ಮತ್ತೆ ಬಂದ; ಭಾಷಣ ಬಾಳೆಲೆಯ ತುದಿ ಯಾವ ಕಡೆಗಿರಬೇಕೆಂಬಲ್ಲಿಗೆ ತಲುಪಿತ್ತು. ಎರಡಕ್ಕೆ ಬಂದವನು ಬಾಯಿ ತೆರೆಯುವ ಮೊದಲೇ ಸಂಶೋಧಕರು ಕೈಯೆತ್ತಿ ತಡೆದರು. ಅವನು ಹೋದ ಮೇಲೆ, "ನೋಡಿದ್ರಾ, ಏಳಿ ಅನ್ನೋ ಎರಡಕ್ಷರ ಹೊರಡ್ತಿಲ್ಲ ಅವ್ನ ಬಾಯಲ್ಲಿ" ಎಂದು ಕುದಿದರು.

"ಸ್ವಾಮಿ, ನಂಗೆ ಶುಗರ್ರು. ಇನ್ನೊಂದ್ ಕಾಲು ಗಂಟೆ ಆದ್ರೆ ಇಲ್ಲೇ ಲಿಂಗೈಕ್ಯ ಆಗ್ಬುಡ್ತೀನಿ" ಎಂದರು ವೀರಭದ್ರಯ್ಯ.

ಒಳಗಿನಿಂದ ಸಾರಿನ ಒಗ್ಗರಣೆಯ ಘಮ ಬರುತ್ತಿದ್ದರೂ ಯಾರೂ ಎದ್ದಿರಲಿಲ್ಲ. ಶಾಮಿಯಾನದ ನೂರೈವತ್ತು ಜನವೂ ತಮ್ಮನ್ನೇ ದಿಟ್ಟಿಸುತ್ತಿರುವುದು ಏಕಾಂತಯ್ಯನವರ ಗಮನಕ್ಕೆ ಬಂತು. ತುಮಕೂರಿನಲ್ಲಿ ವಿದ್ವತ್ತಿಗೆ ಇನ್ನೂ ಬೆಲೆಯಿದೆ ಎಂದು ಶಲ್ಯ ಸರಿಪಡಿಸಿಕೊಂಡರು. ಅಷ್ಟರಲ್ಲಿ ಗಂಗಾಂಬಿಕೆ ಸೆರಗು ಸಿಕ್ಕಿಸಿಕೊಂಡು ದಾಪುಗಾಲಲ್ಲಿ ಬಂದರು.

"ಅಲ್ವೇ, ಇಷ್ಟೊಂದ್ ಜನನ ಉಪವಾಸ ಕೂರ್ಸವ್ನಲ್ಲ, ಊಟಕ್ಕೆ ಏಳ್ಸೋ ಜವಾಬ್ದಾರಿ ಹೊತ್ತಿರೋ ಆ ಬೆಪ್ಪ ಯಾರೇ?" ಎಂದು ಕೇಳಿದರು ಏಕಾಂತಯ್ಯ.

"ನೀವೇ! ಮನೆ ಹಿರೀ ಅಳಿಯ, ಭಾವನೇ ಎಲ್ರನ್ನೂ ಏಳಿಸ್ಬೇಕು ಅಂತ ಬೆಳಗ್ಗಿಂದ ಹಟ ಹಿಡಿದವ್ನೆ ನನ್ ತಮ್ಮ. ಹೇಳಕ್ಕೆ ಮೂರ್ ಸಲ ಬಂದ, ಬಾಯಿ ಮುಚ್ಚಿದ್ರಾ? ಏಳಿ ಮೇಲೆ!"