ಹತ್ತು ಅಂಕದ ಗಲ್ಲಿ

"ಟ್ರಾಫಿಕ್ಕಲ್ಲಿ ಸಿಕ್ಕಿಹಾಕಿಕೊಳ್ಳೋದು ದಡ್ಡರ ಕೆಲಸ ಕಣೇ! ಇನ್ನು ಮೇಲೆ ನಾನು ಸಿಕ್ಕಿಕೊಂಡ್ರೆ ಕಾರಿನ ಕೀಲಿ ನಿನ್ನ ಕೈಗೆ!" ಎಂದು ಅರ್ಥಶಾಸ್ತ್ರದ ಮೇಷ್ಟ್ರು ಹಜಾರದಲ್ಲಿ ನಿಂತು ಘೋರ ಶಪಥ ಮಾಡಿದರು. ಹಿಟ್ಟಿನ ಗಿರಣಿಯ ಹಿಂದೆ ಅವರೊಂದು ಗಲ್ಲಿ ಕಂಡುಹಿಡಿದಿದ್ದರು. ಅವರ ಕಾಲೇಜು, ಮಗಳ ಶಾಲೆ ಇರುವ ಕಡೆಗೆ ಮುಖ್ಯರಸ್ತೆಯಲ್ಲಿ ನಲವತ್ತು ನಿಮಿಷದ ದಾರಿ, ಗಲ್ಲಿಯಲ್ಲಿ ಹದಿನೈದೇ! ಹೊಸ ಖಂಡ ಕಂಡವರೂ ಅಷ್ಟು ಬೀಗಿರಲಿಕ್ಕಿಲ್ಲ.

"ಕಂಡುಹಿಡಿದಿದ್ದಾಯ್ತಲ್ಲ, ಇನ್ನು ಬಾಯಿ ಮುಚ್ಕೊಂಡಿರಿ," ಎಂದರು ಹೆಂಡತಿ. ಅವರು ಹಲ್ಲಿನ ಡಾಕ್ಟರು. ಜನರ ಬಾಯಿಯ ವಿಚಾರ ಅವರಿಗೆ ಚೆನ್ನಾಗಿ ಗೊತ್ತು.

ಆದರೆ ಮೇಷ್ಟ್ರ ಹೊಟ್ಟೆಯಲ್ಲಿ ಗುಟ್ಟು ನಿಲ್ಲಬೇಕಲ್ಲ! ನಾಲ್ಕು ತರಗತಿಗಳಲ್ಲಿ ಮೂರಕ್ಕೆ ಗಲ್ಲಿಯ ನಕ್ಷೆಯನ್ನು ಹಲಗೆಯ ಮೇಲೆ ಬರೆದು ಪಾಠ ಮಾಡಿದರು. ಸಾಲದೆಂದು ಕಿರುಪರೀಕ್ಷೆಯಲ್ಲೂ ಕೇಳಿದರು: 'ಕಡಿಮೆ ವೆಚ್ಚದ ದಾರಿ ಯಾವುದು? ನಕ್ಷೆ ಸಹಿತ ವಿವರಿಸಿ. ಹತ್ತು ಅಂಕ.' ಇನ್ನೂರು ಮಕ್ಕಳು ಮನೆಯಲ್ಲಿ ಗಟ್ಟಿಯಾಗಿ ಬಾಯಿಪಾಠ ಮಾಡಿದರು. ಕೇಳಿಸಿಕೊಂಡ ಅಪ್ಪ ಅಮ್ಮಂದಿರೂ ಕಲಿತರು.

ಸೋಮವಾರ ಒಂಬತ್ತೂವರೆಗೆ ಮಗಳ ಶಾಲೆಯಲ್ಲಿ ಅವಳ ಮೊದಲ ಭಾಷಣ. ಹೋದ ವರ್ಷ ಅವಳ ಹಾಡಿಗೆ ಅಪ್ಪ ತಲುಪಿದಾಗ ಕುರ್ಚಿ ಮಡಿಸುತ್ತಿದ್ದರು. "ಈ ಸಲ ಮುಂದಿನ ಸಾಲಲ್ಲೇ ಕೂತಿರ್ಬೇಕು ಅಪ್ಪಾ," ಎಂದು ಮಗಳು ಮಾತು ತೆಗೆದುಕೊಂಡೇ ಶಾಲೆಗೆ ಹೋಗಿದ್ದಳು.

ಒಂಬತ್ತಕ್ಕೆ ಮೇಷ್ಟ್ರು ಕಾರು ಹತ್ತಿದರು. "ಬಾರೇ!"

"ನಾನು ಬಸ್ಸಲ್ಲೇ ಬರ್ತೀನಿ, ನೀವು ಹೊರಡಿ," ಎಂದ ಹೆಂಡತಿ ಇನ್ನೂ ನಿಧಾನವಾಗಿ ತಲೆ ಬಾಚಿಕೊಳ್ಳುತ್ತಿದ್ದರು.

ಗಿರಣಿ ದಾಟಿ ತಿರುಗಿದರೆ ಗಲ್ಲಿಯಲ್ಲಿ ಎಳ್ಳು ಹಾಕಲೂ ಜಾಗವಿಲ್ಲ! ಹಾರ್ನಿನ ಗಲಾಟೆಗೆ ಗಿರಣಿಯ ಸದ್ದೇ ಅಡಗಿಹೋಗಿತ್ತು. ಪಕ್ಕದ ಸ್ಕೂಟರಿನಿಂದ ಹೆಲ್ಮೆಟ್ಟೊಂದು ಕೈಮುಗಿಯಿತು.

"ನಮಸ್ಕಾರ ಸಾರ್! ಹತ್ತಕ್ಕೆ ಹತ್ತು ಕೊಟ್ಟಿದ್ರಲ್ಲ, ನಾನೇ!"

"ನೀನ್ಯಾಕಯ್ಯ ಇಲ್ಲಿ?"

"ನೀವೇ ಕಲಿಸಿದ್ದಲ್ವಾ ಸಾರ್! ಹಿಂದಿನ ಕಾರಲ್ಲಿ ನಮ್ಮಪ್ಪ. ಅದರ ಹಿಂದೆ ಪ್ರಿನ್ಸಿಪಾಲರು!"

ಒಂಬತ್ತೂ ಹನ್ನೆರಡು. ಕುರ್ಚಿ ಮಡಿಸುವ ಸದ್ದು ಕಿವಿಯಲ್ಲೇ ಕೇಳಿಸಿ ಮೇಷ್ಟ್ರಿಗೆ ಅಳುವೇ ಬಂತು. ಹೇಗೋ ಕಾರನ್ನು ಗಿರಣಿಯ ಅಂಗಳಕ್ಕೆ ನುಗ್ಗಿಸಿ, ಎದ್ದೆನೋ ಬಿದ್ದೆನೋ ಎಂದು ಮುಖ್ಯರಸ್ತೆಗೆ ಓಡಿದರು. ರಸ್ತೆ ಭಣಭಣ ಎನ್ನುತ್ತಿತ್ತು! ಅಷ್ಟರಲ್ಲಿ ಬಸ್ಸು ಬಂತು. ಏದುಸಿರು ಬಿಡುತ್ತಾ ಹತ್ತಿದರೆ, ಕಿಟಕಿಯ ಬಳಿ ಹೆಂಡತಿ. ಪಕ್ಕದ ಸೀಟಿನ ಮೇಲೆ ಅವರ ಕೈಚೀಲ.

"ಬನ್ನಿ, ನಿಮಗೇ ಅಂತ ಸೀಟು ಹಿಡಿದಿಟ್ಟಿದ್ದೆ," ಎಂದು ಚೀಲ ತೆಗೆದರು. "ಗಾಬರಿ ಬೇಡ. ರಸ್ತೆ ಖಾಲಿ, ಹತ್ತೇ ನಿಮಿಷಕ್ಕೆ ಶಾಲೆ ಮುಂದೆ ಇಳಿಸ್ತೀನಿ ಅಂದ್ರು ಕಂಡಕ್ಟರು."

ಮೇಷ್ಟ್ರು ತಲೆ ತಗ್ಗಿಸಿ ಕಾರಿನ ಕೀಲಿಯನ್ನು ಅವರ ಅಂಗೈಗಿಟ್ಟರು.

"ಕೀಲಿ ಇರ್ಲಿ ಬಿಡಿ. ಇನ್ನೊಂದು ತರಗತಿಗೆ ಆ ಪಾಠ ಬಾಕಿ ಇದೆಯಲ್ಲ, ನಾಳೇನೇ ಮುಗಿಸಿಬಿಡಿ!"