ಪೈಲಟ್ ಮಾಮಾರ ನೆಗಡಿ

ನಮ್ಮ ಅಕ್ಕನ ಗಂಡನಷ್ಟು ಅಂಜುಬುರುಕ ಮನುಷ್ಯರನ್ನು ನೀವು ನೋಡಿರಲಿಕ್ಕಿಲ್ಲ. ಅವರ ಕೆಲಸ ಏನು ಗೊತ್ತೇ? ವಿಮಾನ ಹಾರಿಸುವುದು! ಮಂದಿಯನ್ನೆಲ್ಲ ಮೋಡದ ಮೇಲೆ ಹೊತ್ತುಕೊಂಡು ಹೋಗುವ ಈ ಪುಣ್ಯಾತ್ಮರು ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಟಿಕೋಟಾ ಬಸ್ಸು ಹತ್ತುವ ಮೊದಲು ಡ್ರೈವರನ ಕಿಟಕಿಯ ಕೆಳಗೆ ನಿಂತು, ಕತ್ತೆತ್ತಿ ಕೇಳುತ್ತಾರೆ:

“ಆರಾಮ ಅದೀರೇನ್ರಿ? ಜ್ವರ, ನೆಗಡಿ, ತಲಿನೋವು ಏನರ ಐತೇನು?”

ಒಮ್ಮೆ ಒಬ್ಬ ಡ್ರೈವರ್ ಮೀಸೆಯ ಮೇಲೆ ಕೈಯಾಡಿಸುತ್ತ, “ಆರಾಮ ಅದೀನ್ರಿ. ತಾವು ಡಾಕ್ಟರೇನ್ರಿ?” ಅಂದ.

“ಅಲ್ರಿ, ಪೈಲಟ್.”

“ಹೌದ್ರಿ? ನಾ ಡಿಸಿ ಸಾಹೇಬ ಅದೀನ್ರಿ. ಹತ್ರಿ ಒಳಗ!”

ಅಕ್ಕನ ಗಂಡನಿಗೆ ನಮ್ಮ ಕಡೆ ಮಾಮಾ ಅನ್ನುತ್ತೇವೆ. ಮಾಮಾ ಮೂಲತಃ ನಿಡೋಣಿಯವರು, ಒಕ್ಕಲುತನದ ಮನೆ. ಈಗ ಅಕ್ಕನ ಜೊತೆ ಹೈದರಾಬಾದಿನಲ್ಲಿ ಇರುತ್ತಾರೆ. ನಿಡೋಣಿಯವರಿಗೆ ಇವರ ಬಗ್ಗೆ ಭಾರೀ ಅಭಿಮಾನ. ಒಂದೇ ಬೇಸರ ಅಂದರೆ, ಇಷ್ಟು ವರ್ಷವಾದರೂ ಒಮ್ಮೆಯೂ ತಮ್ಮ ಹೊಲದ ಮೇಲಿಂದ ವಿಮಾನ ತಂದಿಲ್ಲವಲ್ಲ ಎಂಬುದು!

ನನ್ನದು ಸ್ಟೇಷನ್ ರಸ್ತೆಯಲ್ಲಿ ಸ್ಟೀಲ್ ಪಾತ್ರೆಗಳ ಅಂಗಡಿ. ಮಾಮಾ ಊರಿಗೆ ಬಂದರೆ ಗಲ್ಲಾಪೆಟ್ಟಿಗೆಯ ಪಕ್ಕದ ಸ್ಟೂಲು ಅವರದೇ. ಒಂದು ಸಲ ಮೂಗು ಒರೆಸಿಕೊಳ್ಳುತ್ತ ಬಂದು ಕೂತರು. ನೆಗಡಿಯಂತೆ. ಅದಕ್ಕೇ ಡ್ಯೂಟಿಗೆ ಬರುವುದಿಲ್ಲ ಎಂದು ಕಂಪನಿಗೆ ಹೇಳಿಬಿಟ್ಟಿದ್ದರು. ನನಗೆ ತಡೆಯಲಾಗಲಿಲ್ಲ.

“ಅಲ್ರಿ ಮಾಮಾ, ನೆಗಡಿಗೂ ರಜಾನ? ವಿಮಾನ ಏನ್ ಮೂಗಿನಿಂದ ಹಾರಸ್ತೀರೇನು?”

“ಮೂಗಲ್ಲಲೇ ತಮ್ಮಾ, ಕಿವಿ. ನೆಗಡಿ ಆದ್ರ ಕಿವಿ ಕಟ್ಟತಾವ. ವಿಮಾನ ಕೆಳಗ ಇಳಿಯೂ ಮುಂದ ಒಳಗ ದಬ್ಬಣ ಚುಚ್ಚಿದಂಗ ಆಗತೈತಿ. ಆ ಹೊತ್ತಿನ್ಯಾಗ ನಾ ಕಿವಿ ಹಿಡಕೊಂಡು ಕುಂತ್ರ, ಹಿಂದ ಕುಂತ ಮಂದಿ ಏನ ಹಿಡಕೋಬೇಕು?”

ಅವತ್ತಿನಿಂದ ನನಗೆ ಈ ವಿಷಯದ ಮೇಲೆ ವಿಪರೀತ ಕುತೂಹಲ ಹುಟ್ಟಿತು. ಕೇಳುತ್ತ ಹೋದರೆ ಅಲ್ಲೊಂದು ಕುರುಕ್ಷೇತ್ರವೇ ನಡೆದಿತ್ತು! ಕಂಪನಿಗೂ ಪೈಲಟ್‌ಗಳ ಯೂನಿಯನ್ನಿಗೂ ಹೊಸ ಒಪ್ಪಂದ ಆಗಬೇಕಿತ್ತಂತೆ. ಅದರಲ್ಲಿ ಕಾಯಿಲೆ ರಜೆಯ ಕಲಮು ಬಂದ ಕೂಡಲೇ, ಕಂಪನಿಯ ಜೊತೆ ಜಗಳಾಡಬೇಕಾದ ಯೂನಿಯನ್ನು ತನ್ನೊಳಗೇ ಜಗಳಕ್ಕೆ ನಿಂತಿತ್ತು. ‘ಆರಾಮಿಲ್ಲ ಅಂತ ಫೋನ್ ಮಾಡಿದರೆ ಸಾಕು, ಯಾರೂ ಯಾಕೆ ಅನ್ನಬಾರದು’ ಎಂದು ಒಂದು ಗುಂಪು. ‘ಹಾಗೆ ಬಿಟ್ಟರೆ ದೀಪಾವಳಿಗೆ ಅರ್ಧ ಮಂದಿಗೆ ಜ್ವರ ಬರುತ್ತದೆ, ಅವರ ಬದಲಿಗೆ ನಾವು ದುಡಿಯಬೇಕಾಗುತ್ತದೆ, ಮೊದಲ ದಿನವೇ ಡಾಕ್ಟರ ಚೀಟಿ ತರಲಿ’ ಎಂದು ಇನ್ನೊಂದು ಗುಂಪು. ನನಗಂತೂ ಇವರ ಮಾತು ಕೇಳಿದರೆ ಇವರದೇ ಸರಿ, ಅವರ ಮಾತು ಕೇಳಿದರೆ ಅವರದೇ ಸರಿ ಅನ್ನಿಸಿತು.

ಮಾಮಾ ಯೂನಿಯನ್ನಿನ ಕಮಿಟಿಯಲ್ಲಿದ್ದರು. ಯಾವ ಗುಂಪು ಅಂತೀರಿ? ಅವರದೇ ಮೂರನೇ ಗುಂಪು, ಅದರಲ್ಲಿ ಅವರೊಬ್ಬರೇ! “ಫೋನ್ ಮಾಡಿದ್ರ ಸಾಕು. ಚೀಟಿ ಕೇಳಿದ್ರ ಮಂದಿ ಅಂಜಿ ಜ್ವರ ಮುಚ್ಚಿಟ್ಟು ಹಾರಸ್ತಾರ. ಆದ್ರ ಸುಳ್ಳ ಜ್ವರ ಹೇಳಿದಾಂವನ್ನ ಯೂನಿಯನ್ನಿನವರs ಹಿಡದು ಕೇಳಬೇಕು” ಎಂಬುದು ಅವರ ವಾದ. ಮೊದಲ ಮಾತಿಗೆ ಒಂದು ಗುಂಪಿಗೆ ಸಿಟ್ಟು, ಕೊನೆಯ ಮಾತಿಗೆ ಇನ್ನೊಂದಕ್ಕೆ.

ಒಂದು ದಿನ ಈ ಯುದ್ಧ ನನ್ನ ಅಂಗಡಿಯಲ್ಲೇ ನಡೆಯಿತು. ಮಾಮಾ ಮೊಬೈಲನ್ನು ಒಂದು ಕೊಡಕ್ಕೆ ಆನಿಸಿಟ್ಟು ಮೀಟಿಂಗಿಗೆ ಕೂತರು. ಒಳಗಿಂದ ಬರುತ್ತಿದ್ದ ಕೂಗಾಟಕ್ಕೆ ಖಾಲಿ ಕೊಡಗಳು ಗುಂಯ್ ಅನ್ನತೊಡಗಿದವು. ಬೋಗುಣಿ ಕೊಳ್ಳಲು ಬಂದಿದ್ದ ತೊರವಿಯ ಮುದುಕಿಯೊಬ್ಬಳು ನನ್ನ ಕಿವಿಯ ಹತ್ತಿರ ಬಂದು, “ಏನಪಾ, ಅಣ್ಣತಮ್ಮರು ಹೊಲಾ ಹಂಚಕೊಳ್ಳಾಕತ್ತಾರೇನು?” ಅಂದಳು.

“ಅಲ್ಲಬೇ ಯಮ್ಮಾ, ರಜಾದ ಸಲುವಾಗಿ ಜಗಳ.”

“ಅಯ್ಯ! ನಮ್ಮ ಮನ್ಯಾಗ ರಜಾನs ಇಲ್ಲ ನೋಡು. ಅದಕ್ಕ ಜಗಳಾನೂ ಇಲ್ಲ!” ಎಂದು ಬೋಗುಣಿಯನ್ನು ಬಾರಿಸಿ ನೋಡುತ್ತ ನಿಂತಳು.

ನಮ್ಮ ಮನೆಯಲ್ಲಿ ಮಾತ್ರ ಜಗಳ ತಪ್ಪಲಿಲ್ಲ. ಅದು ಬಂದದ್ದು ನನ್ನ ಮದುವೆಯಲ್ಲಿ. ಮಾಮಾ ಎಷ್ಟು ಗೋಗರೆದರೂ ಕಂಪನಿ ಅವತ್ತಿಗೆ ರಜೆ ಕೊಡಲಿಲ್ಲ. ನಮ್ಮ ಅಪ್ಪ ಫೋನು ಹಿಡಿದ. ಅಪ್ಪ ಅಂದರೆ ಬಬಲೇಶ್ವರ ಲೈನಿನಲ್ಲಿ ಬಸ್ಸು ಓಡಿಸಿ ರಿಟೈರ್ ಆದವನು. ಸರ್ವಿಸಿನಲ್ಲಿ ಒಂದು ದಿನವೂ ಹುಷಾರಿಲ್ಲ ಎಂದು ರಜೆ ಹಾಕಿದವನಲ್ಲ. ಜ್ವರ ಬಂದರೆ ತಲೆಗೆ ಟವೆಲ್ಲು ಬಿಗಿದು ಬಸ್ಸು ಹೊರಡಿಸಿದವನು. ಅಂಥವನು ಅಳಿಯನಿಗೆ ಹೇಳುತ್ತಾನೆ:

“ಅಳಿಯಂದ್ರ, ಜ್ವರ ಬಂದಾವ ಅಂತ ಹೇಳಿ ಬಂದಬಿಡ್ರಿ. ಯಾರ ಮೈ ಮುಟ್ಟಿ ನೋಡ್ತಾರ?”

“ಮಾವಾರ, ಇದ್ದ ಜ್ವರ ಇಲ್ಲ ಅಂದಾವರು ನೀವು. ಈಗ ಇಲ್ಲದ ಜ್ವರ ಐತಿ ಅನ್ನು ಅಂತೀರಿ. ಎರಡೂ ಸುಳ್ಳs ಅಲ್ಲೇನ್ರಿ?”

ಅಪ್ಪ ಫೋನನ್ನು ಅವ್ವನ ಕೈಗೆ ಕೊಟ್ಟು ಎದ್ದುಹೋದ. ಮದುವೆಯ ದಿನ ಸಂಜೆ, ಹಂದರ ಬಿಚ್ಚುವ ಹೊತ್ತಿಗೆ, ಮಾಮಾ ಯೂನಿಫಾರ್ಮಿನಲ್ಲೇ ಓಡಿಬಂದರು. ಅಡುಗೆಯವರ ಜೊತೆ ನೆಲದ ಮೇಲೆ ಕೂತು ಆರಿದ ಹುಗ್ಗಿ ಉಂಡರು. ಅಪ್ಪ ಮಾತಾಡಿಸಲಿಲ್ಲ. ಅದಾಗಿ ಸ್ವಲ್ಪ ದಿನಕ್ಕೇ ಮಾಮಾರಿಗೆ ಖರೇನೇ ಜ್ವರ ಬಂದು ಮಲಗಿದರು. ಆಗ ಜೊತೆಗಾರರೆಲ್ಲ, “ಮದಿವಿ ಜ್ವರ ಲೇಟಾಗಿ ಬಂತು!” ಎಂದು ನಕ್ಕರಂತೆ.

ಕೊನೆಗೆ ಯೂನಿಯನ್ನಿನಲ್ಲಿ ಮತದಾನ ಆಯಿತು. ಸಣ್ಣ ಕಾಯಿಲೆಗೆ ಫೋನು ಸಾಕು, ದಿನ ಮುಂದುವರಿದರೆ ಚೀಟಿ ಬೇಕು ಎಂದು ತೀರ್ಮಾನವಾಯಿತು. ಹಿಂದೆಯೇ ಹೊಸ ಕಮಿಟಿಯ ಚುನಾವಣೆ. ಅದರಲ್ಲಿ ಎರಡೂ ಗುಂಪಿನವರು ಮೊದಲ ಬಾರಿಗೆ ಒಮ್ಮತಕ್ಕೆ ಬಂದರು: ನಮ್ಮ ಮಾಮಾ ಬೇಡ!

“ಸೋತ್ರೆಂತಲ್ರಿ ಮಾಮಾ?” ಅಂದೆ.

“ಸೋತೆ. ಆದ್ರ ಒಡದ ಯೂನಿಯನ್ ಒಂದ ಮಾಡಿದ್ನಿಲ್ಲೋ!” ಎಂದು ನಕ್ಕರು. ಆಮೇಲೆ ಬಹಳ ಹೊತ್ತು ಒಂದು ಲೋಟವನ್ನು ಸುಮ್ಮನೆ ತಿರುಗಿಸುತ್ತ ಕೂತಿದ್ದರು.

ಇದೆಲ್ಲ ಆದ ಮೇಲೆ ಮಾಮಾ, ಅಪ್ಪ ಎದುರಾದರೆ ಬರೀ “ಆರಾಮೇನ್ರಿ”, “ಆರಾಮ್ರಿ” ಎಂಬಷ್ಟೇ ಮಾತು ಉಳಿದಿತ್ತು.

ಈಚೆಗೆ ಒಂದು ಮುಂಜಾನೆ ಅಂಗಡಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಹೈದರಾಬಾದಿನಿಂದ ಮಾಮಾರ ಫೋನು.

“ಏನೂ ಕೇಳಬ್ಯಾಡ. ಮಾವಾರನ್ನ ಕರಕೊಂಡು ಈಗಿಂದೀಗ ದವಾಖಾನಿಗೆ ನಡಿ.”

ತಿರುಗಿ ನೋಡಿದರೆ ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಅಂಗಿ ಬೆವರಿನಿಂದ ತೊಯ್ದು ಎದೆಗೆ ಅಂಟಿತ್ತು. ತೊಡೆಯ ಮೇಲೆ ಮೊಬೈಲು.

ಹೃದಯಾಘಾತ ಅಂದರು ಡಾಕ್ಟರು. ಬೇಗ ತಂದಿರಿ, ಜೀವಕ್ಕೆ ಅಪಾಯವಿಲ್ಲ ಅಂದರು. ಮಧ್ಯಾಹ್ನ ಅಪ್ಪನಿಗೆ ಮಾತಾಡುವಷ್ಟು ತ್ರಾಣ ಬಂದಾಗ ನಾನು ಅಳುಕುತ್ತಲೇ ಕೇಳಿದೆ, “ನಾ ಅಲ್ಲೇ ಬಾಗಲಾಗ ಇದ್ನೆಲ್ಲಪ್ಪಾ, ನನ್ನ ಬಿಟ್ಟು ಅಷ್ಟು ದೂರ ಯಾಕ ಫೋನ್ ಮಾಡಿದಿ?”

“ನಿಮಗ ಹೇಳಿದ್ರ ನಿಮ್ಮವ್ವ ಅಳತಿದ್ಲು. ನೀ ಯಾವಾಗಿಂದ, ಯಾಕ ಮದ್ಲ ಹೇಳಲಿಲ್ಲ ಅಂತಿದ್ದಿ. ಅಳಿಯಂದ್ರಿಗೆ ಫೋನ್ ಹಚ್ಚಿ, ಆರಾಮಿಲ್ರಿ ಅಂದೆ. ಆತ್ರಿ ಮಾವಾರ ಅಂದ್ರು. ಅಷ್ಟs.”

ಮಾಮಾ ಅವತ್ತು ಡ್ಯೂಟಿಗೆ ಹೊರಟು ನಿಂತವರು, ಇವತ್ತು ಚಿತ್ತ ನೆಟ್ಟಗಿಲ್ಲ, ಹಾರಿಸಲಾರೆ ಎಂದು ಕಂಪನಿಗೆ ತಿಳಿಸಿಬಿಟ್ಟಿದ್ದರು. ಅಕ್ಕ ಕಾರು ಓಡಿಸಿಕೊಂಡು ಬಂದಳು. ಸಂಜೆ ದವಾಖಾನೆಗೆ ಬಂದವರೇ ಮಾಮಾ ಟವೆಲ್ಲು ತೊಯ್ಸಿಕೊಂಡು ಬಂದು ಮಂಚದ ತುದಿಗೆ ಕೂತು, ಅಪ್ಪನ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು ಒರೆಸತೊಡಗಿದರು. ಅಪ್ಪ ಗಾಬರಿಯಾಗಿ ಕಾಲು ಎಳೆದುಕೊಂಡ.

“ಏ ಅಳಿಯಂದ್ರ, ಬ್ಯಾಡ್ರಿ! ಮದಿವ್ಯಾಗ ನಾ ನಿಮ್ಮ ಕಾಲು ತೊಳದಾಂವ.”

“ಸುಮ್ಕಿರ್ರಿ ಮಾವಾರ. ಈಗ ನನ್ನ ಪಾಳಿ.”

ಮಾಮಾ ಆ ಕಾಲನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು. ಆಮೇಲೆ ಅಪ್ಪ ಮೆಲ್ಲಗೆ ಇನ್ನೊಂದು ಕಾಲನ್ನೂ ತಾನಾಗಿಯೇ ಅಳಿಯನ ತೊಡೆಯ ಮೇಲೆ ಇಟ್ಟ.