ಭಾವನ ಮದುವೆ ಪಂಚೆ

ನಮ್ಮ ಭಾವನಷ್ಟು ಧೈರ್ಯದ ಮನುಷ್ಯ ಬಿಜೂರಿನಲ್ಲಿ ಇನ್ನೊಬ್ಬರಿಲ್ಲ. ಬಾವಿಗೆ ಬಿದ್ದ ನಾಗರಹಾವನ್ನು ಬುಟ್ಟಿ ಇಳಿಸಿ ಮೇಲೆತ್ತುತ್ತಾರೆ. ತುಂಬಿದ ಹೊಳೆಗೆ ಹಾರಿ, ತೇಲಿಹೋಗುವ ತೆಂಗಿನಕಾಯಿ ಹಿಡಿದು ತರುತ್ತಾರೆ. ಅಂಥವರೆದುರು ‘ಖಾಯಂ’ ಎಂದು ಒಂದೇ ಒಂದು ಶಬ್ದ ಹೇಳಿ ನೋಡಿ, ಬೆವರು ಒರೆಸಿಕೊಳ್ಳಲು ಶುರುಮಾಡುತ್ತಾರೆ!

ಯಡ್ತರೆಯಲ್ಲಿ ಅವರದು ಫ್ಯಾನು, ಮಿಕ್ಸಿ ರಿಪೇರಿ ಅಂಗಡಿ. ಅದಕ್ಕೆ ಬೋರ್ಡಿಲ್ಲ. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಅಂಟಿಸಿದ್ದಾರೆ. ಮಳೆಗಾಲಕ್ಕೆ ತೊಯ್ದು ಹೋದರೆ ಮತ್ತೊಂದು. “ಒಂದು ಬೋರ್ಡ್ ಬರೆಸಬಾರದಾ ಭಾವ?” ಎಂದರೆ, “ಬರ್ಸಿರೆ ಮತ್ತೆ ಇಲ್ಲೇ ಇರ್ಕ್ ಅಲ್ದಾ?” ಎನ್ನುತ್ತಾರೆ. ಸ್ಕೂಟರಿನ ಸೀಟಿಗೆ ಕಂಪೆನಿ ಹಾಕಿದ ಪ್ಲಾಸ್ಟಿಕ್ಕನ್ನೂ ತೆಗೆದಿಲ್ಲ. ಹಿಂದೆ ಕೂತವರು ಬ್ರೇಕ್ ಹಾಕಿದಾಗೆಲ್ಲ ಜಾರಿ ಬಂದು ಅವರ ಬೆನ್ನಿಗೆ ಮೂಗು ಜಜ್ಜಿಕೊಂಡರೂ ಒಂದೇ ಉತ್ತರ: “ಸಮ ಆಗ್ದಿರೆ ವಾಪಸ್ ಕೊಡ್ಲಕ್ಕ್!”

ಇಂಥವರು ಅಕ್ಕನನ್ನು ನೋಡಲು ಬ್ರಹ್ಮಾವರದ ನಮ್ಮ ಮನೆಗೆ ಬಂದರು. ಮತ್ತೂ ಬಂದರು. ಕೇಳಿದಾಗಲೆಲ್ಲ “ಕಾಂಬ”, ಅಂದರೆ ನೋಡೋಣ, ಎಂದರು. ಕೊನೆಗೆ ಅವರ ಅಮ್ಮನೇ ನಮ್ಮೆದುರು ಗದರಿದರು: “ಇನ್ನೆಷ್ಟ್ ಕಾಂಬುದ್ ಮಗಾ? ಇವ್ರ್ ಮನಿ ಉಪ್ಪಿಟ್ಟ್ ಖಾಲಿ ಆಯ್ಕಾ?”

ಅಂತೂ ಮದುವೆಯಾಯಿತು. ಮರುದಿನವೇ ಭಾವ ಮದುವೆ ಪಂಚೆಯನ್ನು ಅಂಗಡಿಯವರ ಮಡಿಕೆಯಲ್ಲೇ ಮಡಚಿ, ಚೀಟಿ ಸಮೇತ ಕವರಿಗೆ ಹಾಕಿಟ್ಟರು. ಅದನ್ನು ಕಂಡ ಅಕ್ಕ ನನಗೆ ಫೋನು ಮಾಡಿ, “ನನ್ನನ್ನೂ ವಾಪಸ್ ಕೊಡ್ತ್ರಾ ಕಾಣ್!” ಎಂದಳು.

ಅಕ್ಕ ಬಸುರಿ ಎಂದು ಗೊತ್ತಾದ ದಿನ ಭಾವ ಅಂಗಡಿಗೆ ಹೋಗಿ, ಚೆನ್ನಾಗಿ ತಿರುಗುತ್ತಿದ್ದ ಫ್ಯಾನನ್ನೇ ಬಿಚ್ಚಿ ಹರಡಿ ಕೂತಿದ್ದರು. ನಾನು ತಮಾಷೆ ಮಾಡಿದೆ. ಅವರು ನಗಲಿಲ್ಲ. “ನಾನೇ ಇನ್ನೂ ಪೂರಾ ದೊಡ್ಡ ಆಯ್ಲಿಲ್ಲೆ. ಮತ್ತೊಬ್ರನ್ನ್ ಹ್ಯಾಂಗ್ ದೊಡ್ಡ ಮಾಡುದ್ ಮಾರಾಯ?” ಎಂದರು. ಕೇಳಿದ್ದಾದರೂ ಯಾರನ್ನು? ನನಗಿನ್ನೂ ಮದುವೆಯೇ ಆಗಿರಲಿಲ್ಲ!

ನಮ್ಮಲ್ಲಿ ಹುಟ್ಟುವ ಮೊದಲು ಮಗುವಿಗೆಂದು ಏನನ್ನೂ ಕೊಳ್ಳುವುದಿಲ್ಲ. ಈ ಶಾಸ್ತ್ರವಂತೂ ಭಾವನಿಗೆ ಬಹಳ ಹಿಡಿಸಿತು. ತೊಟ್ಟಿಲ ಮಾತೆತ್ತಿದವರ ಬಾಯಿಯನ್ನು “ಶಾಸ್ತ್ರ ಇತ್ತಲೆ!” ಎಂದು ಮುಚ್ಚಿಸುತ್ತಿದ್ದರು. ಈ ಮನುಷ್ಯ ಅಪ್ಪನಾಗುವುದನ್ನೂ ‘ಕಾಂಬ’ ಎಂದು ಮುಂದೆ ಹಾಕುತ್ತಾರೆಂದೇ ನಾವು ಆಡಿಕೊಂಡೆವು. ಅಕ್ಕ ಮಾತ್ರ ಆಗ ನಗುತ್ತಿರಲಿಲ್ಲ.

ಕುಂದಾಪುರದ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ನರ್ಸ್ ಹೊರಗೆ ಬಂದು, ಮಗುವನ್ನು ಸುತ್ತಲು ಮೆತ್ತನೆಯ ಹಳೆ ಬಟ್ಟೆ ಕೇಳಿದರು. ಅಮ್ಮ ಚೀಲ ಬಿಚ್ಚುವಷ್ಟರಲ್ಲಿ ಭಾವ ಒಂದು ಪಂಚೆ ಮುಂದೆ ಹಿಡಿದರು. ಮದುವೆಯದೇ! ಆದರೆ ಮಡಿಕೆಯಿಲ್ಲ, ಚೀಟಿಯಿಲ್ಲ, ಮುಟ್ಟಿದರೆ ಬೆಣ್ಣೆ.

“ಇಷ್ಟ್ ತಿಂಗ್ಳೂ ದಿನಾ ಬೆಳಿಗ್ಗೆ ಬಾವಿಕಟ್ಟೆ ಹತ್ರ ಇದನ್ನ್ ಒಗಿತಾ ಇದ್ದ. ಯಾರಿಗೂ ಮುಟ್ಟುಕ್ ಬಿಟ್ಟವ ಅಲ್ಲ” ಎಂದು ಅವರ ಅಮ್ಮ ಬೆರಗಿನಿಂದ ಹೇಳಿದರು.

ಭಾವ ತಲೆ ತಗ್ಗಿಸಿ, “ಹೊಸ್ತ್ ತಕಂಬುಕ್ ಆಗ ಅಂದ್ರಿ. ಹಳ್ತ್ ಮಾಡ್ಲಕ್ಕ್ ಅಲ್ದಾ?” ಎಂದರು.

ಆ ಪಂಚೆಯಲ್ಲಿ ಸುತ್ತಿದ ಮಗುವನ್ನು ನರ್ಸ್ ಅವರ ಕೈಗೆ ಕೊಟ್ಟಾಗ, ಹಾವಿಗೂ ಹೆದರದ ಭಾವ ಬೆವರತೊಡಗಿದರು; ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

“ಹೆದ್ರಿಕಿ ಆತ್ತಾ? ಇಲ್ಲಿ ಕೊಡಿ” ಎಂದು ನಮ್ಮಮ್ಮ ಕೈ ಚಾಚಿದರು.

“ಹೆದ್ರಿಕಿ ಆತ್ತ್ ಅತ್ತೆ” ಎಂದರು ಭಾವ, ಮಗುವನ್ನು ಎದೆಗೆ ಒತ್ತಿಕೊಳ್ಳುತ್ತ. “ಆದ್ರೂ ವಾಪಸ್ ಕೊಡುದಿಲ್ಲೆ.”